ಸಾವಿನ ದೇವರಿಗೆ ದನಿ ಕೊಟ್ಟ ಮೇಷ್ಟ್ರು

ಗಟ್ಟಿಯಾಗಿ ಓದುವಾಗ ನಮ್ಮ ಮೇಷ್ಟ್ರು ಅಂಗೈಯಿಂದ ಎಡಗಿವಿ ಒತ್ತಿಕೊಳ್ಳುತ್ತಿದ್ದರು. ಭಜನೆ ಮೇಳದಿಂದ ಬಂದ ಅಭ್ಯಾಸ. ಓದು ಮುಗಿಯುವಷ್ಟರಲ್ಲಿ ಆ ಕಿವಿ ಕೆಂಪಾಗಿರುತ್ತಿತ್ತು.

ಸಂತೇಬೆನ್ನೂರಿನ ಹೈಸ್ಕೂಲಿನಲ್ಲಿ ನನಗೆ ಇಂಗ್ಲಿಷ್ ಕಲಿಸಿದವರು. ನಿವೃತ್ತರಾದ ಮೇಲೆ ಕಾದಂಬರಿಯೊಂದನ್ನು ಬರೆಯತೊಡಗಿದರು. ಗ್ರೀಕರ ಪುರಾಣ, ಹೇಳುವವನು ಪಾತಾಳದಲ್ಲಿ ಸತ್ತವರನ್ನು ಕಾಯುವ ದೇವರು. ಕಥೆಯೆಲ್ಲ ‘ನಾನು’ ಎಂದೇ ಸಾಗುತ್ತದೆ. “ಎಲ್ರೂ ಅವನನ್ನ ಬೈಯೋರೇ. ಅವನ ಮಾತು ಯಾರು ಕೇಳ್ಯಾರೆ?” ಎನ್ನುತ್ತಿದ್ದರು. ಹೆಂಡತಿಯನ್ನು ಬಿಡಿಸಿಕೊಳ್ಳಲು ಪಾತಾಳಕ್ಕಿಳಿದ ಹಾಡುಗಾರ ಮೂಲ ಕಥೆಯಲ್ಲಿ ಬರಿಗೈಯಲ್ಲಿ ಮರಳುತ್ತಾನೆ. ತಮ್ಮ ಕೊನೆಯ ಅಧ್ಯಾಯದಲ್ಲಿ ದೇವರು ಅವಳನ್ನು ಕಳಿಸಿಕೊಡಬೇಕೆಂಬುದು ಮೇಷ್ಟ್ರ ಆಸೆ.

ಬರೆದಷ್ಟನ್ನು ಸೋಮವಾರ ಸಂಜೆ ಮಠದ ಜಗುಲಿಯಲ್ಲಿ ಪುರಾಣ ಪ್ರವಚನದಂತೆ ಓದುತ್ತಿದ್ದರು. ಆ ದೇವರಿಗೆ ಯಾವ ವಾರ ಎಂದು ಅಜ್ಜನೊಬ್ಬ ವಿಚಾರಿಸಿದ್ದ.

ಜಿಲ್ಲಾ ಪತ್ರಿಕೆಯ ವರದಿಗಾರನಾಗಿದ್ದ ನಾನು ಅದನ್ನು ಸುದ್ದಿ ಮಾಡಿದೆ. ತಲೆಬರಹವೂ ನನ್ನದೇ: ‘ಸಂತೇಬೆನ್ನೂರಿನಲ್ಲಿ ಸಾವಿನ ದೇವರ ಮಾತು’. ಕಾದಂಬರಿ ಎಂಬ ಪದ ಮೂರನೆಯ ಪ್ಯಾರಾದಲ್ಲಿತ್ತು.

ಮುಂದಿನ ಸೋಮವಾರ ಜಗಳೂರು ಕಡೆಯ ಸೊಕ್ಕೆಯಿಂದ ಮೂರು ಬಸ್ಸು ಬದಲಿಸಿ ತಾಯಿಯೊಬ್ಬರು ಬಂದರು. ಯಾರೋ ತಲೆಬರಹವನ್ನಷ್ಟೇ ಓದಿ ಹೇಳಿದ್ದರಂತೆ. ಮೇಷ್ಟ್ರು ‘ನಾನು’ ಎಂದು ಓದತೊಡಗಿದ್ದೇ, ಮೈಮೇಲೆ ದೇವರು ಬಂದವರ ಮುಂದೆ ಕೂರುವಂತೆ ಕೈಮುಗಿದು ಕೂತರು. ಟ್ರ್ಯಾಕ್ಟರ್ ಮಗುಚಿ ಸತ್ತ ಮಗನನ್ನು ವಾಪಸು ಕಳಿಸಿ ಎಂದು ಕೇಳಿದರು.

“ಇದು ನಾ ಕಟ್ಟಿದ ಕಥೆ ಕಣವ್ವ. ಯಾವ ದೇವ್ರೂ ಬಂದಿಲ್ಲ,” ಎಂದರು ಮೇಷ್ಟ್ರು.

“ಕಥೆ ಆದ್ರೆ ಪೇಪರ್‌ನಾಗೆ ಯಾಕೆ ಹಾಕ್ತಾರ್ರಿ?”

ಆ ತಲೆಬರಹ ನನ್ನದೆಂದು ಜಗುಲಿಯ ತುದಿಯಲ್ಲಿದ್ದ ನಾನು ಹೇಳಲಿಲ್ಲ.

ಆಕೆ ಪ್ರತಿ ಸೋಮವಾರ ಬರತೊಡಗಿದರು. ಮೇಷ್ಟ್ರು ಅಷ್ಟರಲ್ಲಿ ಬರೆದಿಟ್ಟಿದ್ದ ಕೊನೆಯ ಅಧ್ಯಾಯವನ್ನು ಹರಿದು ಬೇರೆ ಬರೆದರು. ಅದರಲ್ಲಿ ದೇವರು ಯಾರನ್ನೂ ಬಿಡುವುದಿಲ್ಲ. “ಒಬ್ರನ್ನ ಬಿಟ್ರೂ ಆಯಮ್ಮ ಕಾಯ್ತಾಳೆ ಕಣಪ್ಪ,” ಎಂದು ನನಗೆ ಹೇಳಿದರು. ಅದನ್ನು ಆಕೆಯೆದುರು ಒಮ್ಮೆ ಓದಿದರು. ಆಕೆ ಎದ್ದು ಹೋದರು. ಮೇಷ್ಟ್ರು ಮತ್ತೆ ಬರೆಯಲಿಲ್ಲ, ಓದಲೂ ಇಲ್ಲ. ಆ ಬೇಸಿಗೆಯಲ್ಲೇ ಹೃದಯ ನಿಂತು ತೀರಿಕೊಂಡರು.

ಮಣ್ಣು ಮಾಡಿದ ಮೂರನೆಯ ದಿನ ಆಕೆ ಮೇಷ್ಟ್ರ ಮನೆ ಮುಂದೆ ನಿಂತಿದ್ದರು. ಮುಖದಲ್ಲಿ ಗೆಲುವಿತ್ತು.

“ಮೇಷ್ಟ್ರು ಈಗ ಅಲ್ಲಿಗೇ ಹೋಗ್ಯಾರಲ್ರಿ,” ಎಂದರು. “ಎದುರಿಗೆ ನಿಂತು ಕೇಳಿದ್ರೆ ಬಿಟ್ಟಾನು.”

ದಾವಣಗೆರೆ ಬಸ್ಸಿಗೆ ಹತ್ತಿಸಿ ಬಂದೆ. ಬಿಡುವುದಿಲ್ಲ ಎಂದು ಆಗಲೂ ನಾನು ಹೇಳಲಿಲ್ಲ.