ಹಗೇವಿನವರು ಎಂಬ ಮನೆಹೆಸರು

ನಮ್ಮ ಮನೆಹೆಸರು ‘ಹಗೇವು’. ಹೇಳಿದಾಗಲೆಲ್ಲ ಎದುರಿಗಿದ್ದವರು ಇನ್ನೊಮ್ಮೆ ಕೇಳುತ್ತಾರೆ. ಕೋಲಾರದ ಕಚೇರಿಯೊಂದರಲ್ಲಿ ಗುಮಾಸ್ತರು, “ಇದು ಊರಾ, ಜಾತೀನಾ?” ಎಂದು ಪೆನ್ನು ಎತ್ತಿ ಹಿಡಿದು ಕಾದಿದ್ದರು. ಎರಡೂ ಅಲ್ಲ. ಹಗೇವು ಎಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಕಣಜ. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದು, ಒಳಗೆ ಗುಡಾಣದ ಹಾಗೆ ಅಗಲ, ಎರಡಾಳು ಆಳ. ಸುತ್ತ ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡುತ್ತಿರಲಿಲ್ಲ.

ಮುಳಬಾಗಿಲು ತಾಲ್ಲೂಕಿನಲ್ಲಿ, ಆವನಿಯ ಆಚೆಗಿರುವ ನಮ್ಮೂರಿನಲ್ಲಿ ಯಾರ ಹಗೇವು ತೆಗೆಯಬೇಕಾದರೂ ನಮ್ಮ ಮನೆಯವರನ್ನೇ ಕರೆಯುತ್ತಿದ್ದರಂತೆ. ಮುಚ್ಚಿಟ್ಟ ಗುಂಡಿಯಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಚಪ್ಪಡಿ ಸರಿಸಿ ಒಂದು ದಿನ ಬಿಡಬೇಕು. ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪವನ್ನು ತಳದವರೆಗೆ ಇಳಿಬಿಡಬೇಕು. ಒಂದು ಸಲ ಎಲೆಅಡಿಕೆ ಅಗಿದು ಮುಗಿಸುವವರೆಗೆ ದೀಪ ಉರಿದರೆ ಮಾತ್ರ ಮನುಷ್ಯ ಇಳಿಯಬಹುದು. ಹೀಗೆ ಬಂದ ಹೆಸರು ಅದು ಎಂದೇ ನಾವೆಲ್ಲ ನಂಬಿದ್ದೆವು.

ತೆಲುಗೂ ಕನ್ನಡವೂ ಬೆರೆತ ನಮ್ಮ ಕಡೆಯ ಮನೆಗಳಿಗೆ ಮನೆಹೆಸರು ಹೊಸದಲ್ಲ. ಆದರೆ ನಮ್ಮದನ್ನು ಇಟ್ಟುಕೊಂಡವರು ಇದ್ದದ್ದೇ ಮೂರು ಮನೆ. ಊರಿನಲ್ಲಿ ಚಿಕ್ಕಪ್ಪನದು, ಶ್ರೀನಿವಾಸಪುರದ ಕಡೆ ಒಂದು, ಮಾಲೂರಿನಲ್ಲಿ ಒಂದು. ಮಾಲೂರಿನವರು ಮಕ್ಕಳನ್ನು ಶಾಲೆಗೆ ಸೇರಿಸುವಾಗಲೇ ಹೆಸರು ಕೈಬಿಟ್ಟಿದ್ದರು. ನಾನು ಮದುವೆಯಾದ ಮೇಲೆ ಆ ಹೆಸರು ಬರೆಯುವುದನ್ನು ನಿಲ್ಲಿಸಿದೆ. ಫೋನಿನಲ್ಲಿ ಹುಡುಕಿದರೆ ಪದದ ಅರ್ಥ ಸಿಗುತ್ತಿತ್ತು, ಅದನ್ನು ಹೊತ್ತ ಒಬ್ಬ ಮನುಷ್ಯನೂ ಸಿಗುತ್ತಿರಲಿಲ್ಲ.

ಕಳೆದ ಬೇಸಿಗೆ ರಜೆಯಲ್ಲಿ ನಾನೂ ನನ್ನ ಗಂಡನೂ ಕೋಲಾರದಿಂದ ಊರಿಗೆ ಹೋಗಿದ್ದೆವು. ಚಿಕ್ಕಪ್ಪ ರೇಷ್ಮೆ ಹುಳು ಮನೆ ಕಟ್ಟಿಸಲು ಹಿತ್ತಿಲನ್ನು ಜೆಸಿಬಿಯಿಂದ ಸಮ ಮಾಡಿಸುತ್ತಿದ್ದರು. ಬೆಳಿಗ್ಗೆ ಹತ್ತರ ಹೊತ್ತಿಗೆ ಬಕೆಟ್ಟಿಗೆ ಚಪ್ಪಡಿಯೊಂದು ಸಿಕ್ಕಿ ಪಕ್ಕಕ್ಕೆ ಜಾರಿತು. ಕೆಳಗೆ ಕಪ್ಪು ಬಾಯಿ. ನಮ್ಮ ಮನೆಯದೇ ಹಗೇವು, ಅದು ಅಲ್ಲಿರುವುದು ಯಾರಿಗೂ ನೆನಪಿರಲಿಲ್ಲ.

“ಯಾರೂ ಅತ್ತ ಹೋಗ್ಬ್ಯಾಡಿ. ದೀಪ ತರ್ತೀನಿ, ಇವತ್ತು ನೋಡಿದ್ರೂ ಇಳಿಯೋದು ನಾಳೇನೇ” ಎಂದು ಚಿಕ್ಕಪ್ಪ ಒಳಗೆ ಹೋದರು.

ನನ್ನ ಗಂಡ ತಮಾಷೆಯ ಮನುಷ್ಯ. “ಮಾವ ಬತ್ತಿ ಹೊಸೆಯೋಷ್ಟ್ರಲ್ಲಿ ನಾನು ಪರೀಕ್ಷೆ ಮುಗಿಸ್ತೀನಿ ನೋಡೇ” ಎಂದರು. ಟೊಮೆಟೊ ಗಿಡಕ್ಕೆ ಕಟ್ಟುವ ದಾರವನ್ನು ಫೋನಿಗೆ ಸುತ್ತಿ, ಟಾರ್ಚ್ ಹಾಕಿ ಇಳಿಬಿಟ್ಟರು. ತಳದಲ್ಲಿ ಬೆಳಕು ಚೆನ್ನಾಗಿ ಕಾಣುತ್ತಿತ್ತು. “ಆರಲಿಲ್ಲ! ಹಗೇವಿನೋರ ಅಳಿಯ ಪಾಸು!”

ಜೆಸಿಬಿ ಚಾಲಕ ನಕ್ಕ. ನಾನೂ ನಕ್ಕೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಉರಿಯುವುದಕ್ಕೆ ಆಮ್ಲಜನಕ ಬೇಕು ಎಂದು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುತ್ತೇನೆ. ಫೋನಿನ ಬೆಳಕು ಗಾಳಿಯನ್ನು ನಂಬಿ ಉರಿಯುವುದಿಲ್ಲ ಎನ್ನುವುದು ಆ ಕ್ಷಣ ನನಗೆ ಹೊಳೆಯಲಿಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಆ ನಗು ಈಗಲೂ ಕಿವಿಯಲ್ಲಿ ಕೇಳಿಸುತ್ತದೆ.

ಅವರು ಬಿದಿರಿನ ಏಣಿ ಇಟ್ಟು ಇಳಿದೇಬಿಟ್ಟರು. “ಗೋಡೆ ಎಷ್ಟು ನುಣುಪಾಗಿದೆ ಗೊತ್ತೇನೇ! ಹಳೇ ಹುಲ್ಲು ಇನ್ನೂ…” ಮಾತು ಅಲ್ಲಿಗೆ ನಿಂತಿತು. ಸ್ವಲ್ಪ ತಡೆದು, “ಯಾಕೋ ಕಾಲು…” ಎಂದರು. ಬಗ್ಗಿ ನೋಡಿದರೆ ಏಣಿಗೆ ಒರಗಿ ಕುಸಿಯುತ್ತಿದ್ದರು.

ಚಾಲಕ ಚಪ್ಪಲಿ ಬಿಟ್ಟು ಏಣಿಗೆ ಕಾಲಿಟ್ಟ. ನಾನು ಅವನನ್ನು ತಳ್ಳಿ ಮುಂದೆ ಹೋದೆ. ಅಷ್ಟರಲ್ಲಿ ದೀಪ ಹಿಡಿದು ಬಂದ ಚಿಕ್ಕಪ್ಪ ಅದನ್ನು ನೆಲಕ್ಕಿಟ್ಟು ಅವನ ಕಾಲರನ್ನೂ ನನ್ನ ಜಡೆಯನ್ನೂ ಒಟ್ಟಿಗೆ ಹಿಡಿದು ಹಿಂದಕ್ಕೆಳೆದರು.

“ನಿಲ್ಲಮ್ಮಾಯಿ! ಇಳಿದ್ರೆ ಮೂರು ಹೆಣ ಎತ್ಬೇಕಾಗ್ತದೆ!”

“ಅವ್ರು ಸಾಯ್ತಿದಾರೆ ಚಿಕ್ಕಪ್ಪಾ, ಬಿಡು!”

“ಬಿಡಲ್ಲ. ನೀನೂ ಬಿದ್ರೆ ಹಗ್ಗ ಎಳೆಯೋರ್ಯಾರು?”

ಅವರು ಬಾಯಿಯ ಪಕ್ಕ ಬೋರಲು ಮಲಗಿ ಕೂಗಿದರು. “ಅಳಿಯಂದ್ರೇ, ಕೂರ್ಬ್ಯಾಡಿ! ಮುಖ ಮೇಲಕ್ಕಿಡಿ, ಏಣಿ ತಬ್ಕೊಳಿ!” ಅವರ ತಲೆ ಇನ್ನೂ ಕೆಳಗೆ ಜಾರಿತು. ಅಳಿಯನಿಗೆ ಎಂದೂ ಏಕವಚನ ಬಳಸದ ಚಿಕ್ಕಪ್ಪ ಗಂಟಲು ಹರಿಯುವಂತೆ ಕಿರುಚಿದರು. “ಲೇ! ಎದ್ದೇಳ್ಲಾ ಬೇವಾರ್ಸಿ! ಏಣಿ ಹಿಡಿಯೋ!”

ಆ ಬೈಗುಳ ಕೇಳಿಸಿತೋ ಏನೋ, ನನ್ನ ಗಂಡನ ಎರಡೂ ತೋಳು ನಿಧಾನಕ್ಕೆ ಏಣಿಯ ಮೆಟ್ಟಿಲೊಂದರ ಮೇಲಿಂದ ಆಚೆಗೆ ತೂರಿದವು. ಗಲ್ಲ ಅದರ ಮೇಲೆ ನಿಂತಿತು. ಕೆಟ್ಟ ಗಾಳಿ ಭಾರವಾದದ್ದು, ತಳದಲ್ಲೇ ಹೆಚ್ಚು. ಅವರು ಪೂರ್ತಿ ಕೆಳಗೆ ಬೀಳದೆ ಉಳಿದದ್ದು ಆ ಒಂದು ಮೆಟ್ಟಿಲಿನಿಂದ.

ಕೂಗು ಕೇಳಿದ್ದೇ ಚಿಕ್ಕಮ್ಮ ಮಾವಿನ ಮರಕ್ಕೆ ಔಷಧಿ ಹೊಡೆಯುವ ಬ್ಲೋಯರ್ ಬೆನ್ನಿಗೆ ಹಾಕಿಕೊಂಡು ಓಡಿಬಂದಿದ್ದರು. ಡಬ್ಬ ಖಾಲಿ, ತೊಳೆದಿಟ್ಟದ್ದು. ಚಾಲಕ ಅದನ್ನು ಚಾಲೂ ಮಾಡಿ ಕೊಳವೆಯನ್ನು ಗುಂಡಿಯೊಳಗೆ ಹಿಡಿದು ಗಾಳಿ ನುಗ್ಗಿಸಿದ. ಚಿಕ್ಕಪ್ಪ ಹೊಂಗೆಯ ಕೊಂಬೆಯೊಂದನ್ನು ಮುರಿದು ಹಗ್ಗಕ್ಕೆ ಬಿಗಿದು ನನ್ನ ಕೈಗೆ ಕೊಟ್ಟರು. “ಎತ್ತು, ಇಳಿಸು. ಒಳಗಿನ ಗಾಳಿ ಕಲಕ್ಬೇಕು. ನಿಲ್ಲಿಸ್ಬ್ಯಾಡ.” ನಾನು ಎತ್ತಿದೆ, ಇಳಿಸಿದೆ. ಅಂಗೈ ಸುಲಿದದ್ದು ಸಂಜೆಯವರೆಗೂ ಗೊತ್ತಾಗಲಿಲ್ಲ.

ದೀಪ ಇಳಿಯಿತು. ನನ್ನ ಗಂಡನ ಸೊಂಟದ ಮಟ್ಟಕ್ಕೆ ಹೋದದ್ದೇ ತಡ, ಯಾರೋ ಚಿವುಟಿದ ಹಾಗೆ ಆರಿಹೋಯಿತು. ಅದನ್ನು ಕಣ್ಣಾರೆ ಕಂಡ ಮೇಲೂ ನಾನು ಇಳಿಯುತ್ತೇನೆಂದು ಹೊರಟೆ. ಚಿಕ್ಕಮ್ಮ ನನ್ನ ಸೊಂಟ ತಬ್ಬಿ ಹಿಡಿದರು. ಚಿಕ್ಕಪ್ಪ ದೀಪ ಮೇಲೆತ್ತಿ, ಬತ್ತಿ ಸರಿಮಾಡಿ, ಕಡ್ಡಿ ಗೀರಿ ಮತ್ತೆ ಹಚ್ಚಿದರು. ಆ ನಿಧಾನಸ್ಥ ಮನುಷ್ಯನನ್ನು ನಾನು ಆವರೆಗೆ ಅಷ್ಟು ದ್ವೇಷಿಸಿರಲಿಲ್ಲ.

ಎರಡನೆಯ ಸಲ ದೀಪ ತಳ ಮುಟ್ಟಿತು. ಅಲುಗಾಡಿತು, ಆರಲಿಲ್ಲ. ಎಲೆಅಡಿಕೆ ಅಗಿಯುವಷ್ಟು ಹೊತ್ತು ಅವತ್ತು ನಮ್ಮ ಬಳಿ ಇರಲಿಲ್ಲ. ಚಿಕ್ಕಪ್ಪ ಹತ್ತು ಎಣಿಸಿದರು. ಸೊಂಟಕ್ಕೆ ಹಗ್ಗ ಬಿಗಿದು, ಇನ್ನೊಂದು ಹಗ್ಗ ಹೆಗಲಿಗೆ ಹಾಕಿಕೊಂಡು ಇಳಿದರು. ಅಳಿಯನ ಕಂಕುಳ ಕೆಳಗೆ ಗಂಟು ಹಾಕಿ “ಎಳೀರೀ!” ಎಂದರು. ನಾವು ಮೂವರೂ ಎಳೆದೆವು. ಬೂದಿ ಬಣ್ಣದ ಮುಖವೊಂದು ಬಿಸಿಲಿಗೆ ಬಂತು. ಹಿಂದೆಯೇ ಚಿಕ್ಕಪ್ಪ ಹತ್ತಿ ಬಂದರು.

ನನ್ನ ಗಂಡ ಕೆಮ್ಮಿದರು, ವಾಂತಿ ಮಾಡಿದರು, ಆಮೇಲೆ ಕಣ್ಣು ಬಿಟ್ಟರು. ಮೊದಲ ಮಾತು ಇದು: “ಮಾವ… ನನ್ನನ್ನ ಬೇವಾರ್ಸಿ ಅಂದ್ರು.”

“ಇನ್ನೊಂದ್ ಸಲ ಇಳೀರಿ, ಇನ್ನೂ ಚೆನ್ನಾಗ್ ಬೈತೀನಿ” ಎಂದ ಚಿಕ್ಕಪ್ಪ ಅಲ್ಲೇ ಮಣ್ಣಿನ ಮೇಲೆ ಕುಸಿದು ಕೂತರು.

ಮುಳಬಾಗಿಲಿನ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು, ಒಂದು ದಿನ ಇಟ್ಟುಕೊಂಡು ಕಳಿಸಿದರು. ಸುದ್ದಿ ನಮಗಿಂತ ಮುಂಚೆ ಕೋಲಾರ ಸೇರಿತ್ತು. ಪಾಯ ತೋಡುವಾಗ ಗುಂಡಿ ಸಿಕ್ಕವರು, ಹಳೇ ಬಾವಿಗೆ ಆಳು ಇಳಿಸಬೇಕಾದವರು ಚಿಕ್ಕಪ್ಪನಿಗೆ ಫೋನ್ ಮಾಡತೊಡಗಿದರು. ಕ್ಯಾಲನೂರಿನಿಂದ ಒಬ್ಬರು, “ಹಗೇವಿನೋರೇನಾ ಮಾತಾಡ್ತಿರೋದು?” ಎಂದು ಕೇಳಿದಾಗ ಅವರ ಫೋನ್ ಎತ್ತಿದ್ದವಳು ನಾನು. “ಹೌದು” ಎಂದೆ. ತಡವರಿಸಲಿಲ್ಲ.

ಆಮೇಲೊಂದು ಭಾನುವಾರ ಮೂರೂ ಮನೆಯವರು ಊರಿನಲ್ಲಿ ಸೇರಿದೆವು. ಶ್ರೀನಿವಾಸಪುರದಿಂದ ಬಂದ ದೊಡ್ಡಜ್ಜಿ, ಕಂಬಿ ಹಾಕಿ ಭದ್ರ ಮಾಡಿದ ಹಗೇವಿನ ಬಾಯಿ ನೋಡಿ ಬಂದು, ನಾವ್ಯಾರೂ ಕೇಳಿರದ ಮಾತೊಂದನ್ನು ಹೇಳಿದರು.

“ತೆಗೆದಿದ್ದಕ್ಕೆ ಬಂದ ಹೆಸ್ರಲ್ಲ ಕಣಮ್ಮಾ ಇದು. ತೆಗೆಯೋದು ಯಾರ್ ಬೇಕಾದ್ರೂ ತೆಗೀತಾರೆ. ಆಗೊಂದ್ ಸಲ ಮಳೆ ಕೈಕೊಟ್ಟ ವರ್ಷ ಜನ ಹಸಿದು ಬಂದಿದ್ರಂತೆ. ಚಪ್ಪಡಿ ಸರಿಸಿದ್ದೇ ಧುಮುಕೋಕೆ ನಿಂತ್ರು. ನಮ್ಮ ಮುತ್ತಾತ ದೊಣ್ಣೆ ಹಿಡ್ಕೊಂಡು ಬಾಯಿ ಪಕ್ಕ ಕೂತ. ದೀಪ ನಿಲ್ಲೋವರ್ಗೂ ಯಾರನ್ನೂ ಬಿಡಲ್ಲ ಅಂದ. ಬೈದ್ರು. ಒಬ್ಬ ಕಲ್ಲಲ್ಲಿ ಹೊಡ್ದ. ಮುತ್ತಾತ ಏಳ್ಲಿಲ್ಲ. ‘ಹಗೇವಿನ ದೆವ್ವ’ ಅಂತ ಜನ ಬೈದಿದ್ದೇ ಹೆಸ್ರಾಯ್ತು. ಅವತ್ತು ಒಬ್ರೂ ಸಾಯ್ಲಿಲ್ಲ ನೋಡು.”

ಚಿಕ್ಕಪ್ಪ ನನ್ನ ಕಡೆ ತಿರುಗಿ, “ಹಂಗಾದ್ರೆ ನಿನ್ನ ಜಡೆ ಎಳೆದಿದ್ದು ತಪ್ಪಲ್ಲ ಬಿಡು” ಎಂದರು.

“ಇನ್ನೂ ಗಟ್ಟಿಯಾಗಿ ಎಳೀಬೇಕಿತ್ತು ಚಿಕ್ಕಪ್ಪಾ” ಎಂದೆ.

ಮಾಲೂರಿನ ಅಣ್ಣ, ಹೆಸರು ಕೈಬಿಟ್ಟವನು, ಫೋನ್ ತೆಗೆದು ಅಜ್ಜಿಯ ಮುಂದೆ ಹಿಡಿದ. “ಅಜ್ಜೀ, ಇನ್ನೊಂದ್ ಸಲ ಮೊದಲಿಂದ ಹೇಳು. ಮಕ್ಕಳಿಗೆ ಬೇಕು.” ಮಕ್ಕಳನ್ನು ಸುಮ್ಮನಿರಿಸಿದರು. ಅಜ್ಜಿ ಸೆರಗು ಸರಿ ಮಾಡಿಕೊಂಡು ಶುರು ಮಾಡಿದರು. ಈ ಸಲ ಕಲ್ಲು ಹೊಡೆದವರು ಹತ್ತು ಜನ ಆಗಿದ್ದರು. ಯಾರೂ ತಿದ್ದಲಿಲ್ಲ.