ಲಾ ಬಾಜ್‌ಗೆ ಒಂದು ಟಿಕೆಟ್

“ಬೀರು ನೋಡಲು ಎಷ್ಟು ದಿನ ಬೇಕು?”

ಕುವೈತಿನಲ್ಲಿ ಕೆಲಸಕ್ಕೆ ಸೇರಿದ ಮೊದಲ ದಿನ ಫೋನಿನಲ್ಲಿ ಬಂದ ಮೊದಲ ಪ್ರಶ್ನೆ ಇದು. ನನ್ನ ಕಣ್ಣ ಮುಂದೆ ಬಂದದ್ದು ಕಿನ್ನಿಗೋಳಿಯ ನಮ್ಮ ಮನೆಯ ಕಬ್ಬಿಣದ ಬೀರು, ಬಾಗಿಲು ತೆಗೆದರೆ ಕಿರ್ ಎನ್ನುವಂಥದ್ದು. ಅದನ್ನು ನೋಡಲು ದಿನಗಳೇ ಏಕೆ ಬೇಕು? ನಾನು ಬಾಯಿ ತೆರೆದು ಕೂತದ್ದನ್ನು ಕಂಡು ಮ್ಯಾನೇಜರ್ ರಝಾಕ್ ಭಾಯಿ ಫೋನ್ ಕಸಿದುಕೊಂಡರು. ಮಾತು ಮುಗಿಸಿ ನನ್ನತ್ತ ತಿರುಗಿ, “ಪೆರು ಮಾರಾಯ್ತಿ, ಪೆರು ದೇಶ. ಇವರ ಅರಬ್ಬಿಯಲ್ಲಿ ‘ಪ’ ಇಲ್ಲ. ಎಲ್ಲ ‘ಬ’ವೇ. ಇನ್ನು ಮೇಲೆ ನೀವೂ ಪ್ರೆಸಿಲ್ಲಾ ಅಲ್ಲ, ಬ್ರೆಸಿಲ್ಲಾ” ಎಂದರು.

ಹಾಗೆ ನಾನು ಬ್ರೆಸಿಲ್ಲಾ ಆದೆ.

ನಮ್ಮದು ಹವಲ್ಲಿಯ ಒಂದು ಹಳೆಯ ಕಟ್ಟಡದ ಮೊದಲ ಮಹಡಿಯ ಪ್ರವಾಸ ಕಚೇರಿ. ಕೆಳಗಡೆ ಮೊಬೈಲ್ ಅಂಗಡಿಗಳು. ಬೇಸಿಗೆಯಲ್ಲಿ ಇಲ್ಲಿಯ ಅನುಕೂಲಸ್ಥರು ಊರು ಬಿಡುತ್ತಾರೆ. ಅವರಿಗೆ ಅಮೆರಿಕ ಖಂಡಗಳನ್ನು ಮಾರುವುದು ನನ್ನ ಪಾಲಿನ ಕೆಲಸ. ನಯಾಗರ, ಗ್ರ್ಯಾಂಡ್ ಕ್ಯಾನ್ಯನ್, ಮೆಕ್ಸಿಕೋದ ಪಿರಮಿಡ್ಡುಗಳು, ಪೆರುವಿನ ಕಲ್ಲಿನ ಕೋಟೆ, ಕೋಸ್ಟಾರಿಕಾದ ಕಾಡು. ನಾನಾದರೋ ಮಂಗಳೂರಿನಿಂದ ಕುವೈತಿಗೆ ಬಂದದ್ದು ಬಿಟ್ಟರೆ ಎಲ್ಲಿಗೂ ಹೋದವಳಲ್ಲ. ನಯಾಗರದ ಯಾವ ದಡದಲ್ಲಿ ನಿಂತರೆ ಚೆನ್ನಾಗಿ ಕಾಣುತ್ತದೆ ಎಂದು ಗಂಟಲು ಸರಿಪಡಿಸಿಕೊಂಡು ಹೇಳುವಾಗ ಎದೆ ಹೊಡೆದುಕೊಳ್ಳುತ್ತದೆ. ನೀವು ನೋಡಿದ್ದೀರಾ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ, ಅದೊಂದು ಪುಣ್ಯ.

ರಝಾಕ್ ಭಾಯಿ ಉಪ್ಪಿನಂಗಡಿ ಕಡೆಯವರು. ಅವರ ಮನೆಮಾತು ಬ್ಯಾರಿ, ನನ್ನದು ಕೊಂಕಣಿ, ಜಗಳವಾಡಲು ನಮಗಿರುವುದು ಕನ್ನಡ. ಮೂರು ತಿಂಗಳು ನನ್ನ ಕೆಲಸ ನೋಡಿ, ಸರಿ ಕಂಡರೆ ಮಾತ್ರ ಇಕಾಮಾ, ಅಂದರೆ ಇಲ್ಲಿ ಇರಲು ಬೇಕಾದ ಪರವಾನಗಿ, ಮುಂದುವರಿಸುವುದು ಎಂಬ ಮಾತಾಗಿತ್ತು. ಊರಲ್ಲಿ ಕೆಲಸ ಹೋದರೆ ಮನೆಯಲ್ಲಿ ಕೂರಬಹುದು. ಇಲ್ಲಿ ಕೆಲಸ ಹೋದರೆ ಕೂರುವ ಹಕ್ಕೇ ಹೋಗುತ್ತದೆ. ಗಂಡ ವಿನ್ಸೆಂಟ್ ಬೆಳಗಾಗುವ ಮೊದಲೇ ಮಂಗಫಿನ ನಮ್ಮ ಫ್ಲ್ಯಾಟಿನ ಕೆಳಗಿನಿಂದ ರಿಫೈನರಿಯ ಬಸ್ಸು ಹತ್ತುತ್ತಾನೆ, ಮಗಳು ಅನೀಶಾ ಶಾಲೆಯ ವ್ಯಾನು ಹತ್ತುತ್ತಾಳೆ, ನಾನು ಹವಲ್ಲಿಯ ಬಸ್ಸು ಹತ್ತುತ್ತೇನೆ. ಮೂವರೂ ಸೇರಿ ಕೂತು ಉಣ್ಣುವುದು ರಜೆಯ ಶುಕ್ರವಾರ ಮಾತ್ರ. ಇಲ್ಲಿ ಪೂಜೆಯೂ ಶುಕ್ರವಾರವೇ. ಭಾನುವಾರ ಚರ್ಚಿನ ಗಂಟೆಯಿಲ್ಲದೆ ಕಚೇರಿಗೆ ಹೋಗುವುದು ನನಗಿನ್ನೂ ಕಳ್ಳತನ ಮಾಡಿದಂತೆ ಅನ್ನಿಸುತ್ತದೆ.

ಮೂರು ತಿಂಗಳು ಮುಗಿಯುವ ಸ್ವಲ್ಪ ಮೊದಲು ಬೂ ಸಾಲೆಮ್ ಬಂದರು. ‘ಬೂ ಸಾಲೆಮ್’ ಎಂದರೆ ಸಾಲೆಮ್‌ನ ಅಪ್ಪ. ಇಲ್ಲಿ ಹಿರಿಯರನ್ನು ಮೊದಲ ಮಗನ ಹೆಸರಿನಿಂದ ಕರೆಯುವುದು ಮರ್ಯಾದೆ. ನಮ್ಮಲ್ಲೂ ಹೆಂಗಸರು ‘ಇಂಥವಳ ಅಮ್ಮ’ ಎಂದೇ ಬದುಕು ಮುಗಿಸುತ್ತಾರಲ್ಲ, ಹಾಗೆ, ಆದರೆ ಇಲ್ಲಿ ಗಂಡಸರಿಗೂ ಆ ಭಾಗ್ಯವಿದೆ. ಮೊದಲ ಮಹಡಿ ಹತ್ತುವಷ್ಟರಲ್ಲಿ ಅಜ್ಜನಿಗೆ ಏದುಸಿರು. ಕುರ್ಚಿಯಲ್ಲಿ ಕೂತು, ಜೇಬಿನಿಂದ ಇನ್‌ಹೇಲರ್ ತೆಗೆದು ಎಳೆದುಕೊಂಡರು. ಮಗ ಸಾಲೆಮ್ ನ್ಯೂಯಾರ್ಕಿನಿಂದ ಮೆಕ್ಸಿಕೋವರೆಗೆ ತನ್ನ ಆಸೆಯ ಊರುಗಳನ್ನೆಲ್ಲ ಹೇಳಿ, “ಕೊನೆಯದು ಬಾಬಾನದ್ದು, ಅವರನ್ನೇ ಕೇಳಿ” ಎಂದು ಫೋನ್ ಹಿಡಿದು ಹೊರಗೆ ಹೋದ.

ಅಜ್ಜನ ಇಂಗ್ಲಿಷ್ ನನ್ನ ಅರಬ್ಬಿಯಷ್ಟೇ. ಕಿಟಕಿ ಕಡೆ ಕೈ ತೋರಿಸಿ ಹೇಳಿದರು: “ನನ್ನ ಅಜ್ಜ... ಲೂಲು... ಬಹರ್.” ಬಹರ್ ಎಂದರೆ ಸಮುದ್ರ, ಅದು ನನಗೆ ಗೊತ್ತಿತ್ತು. “ಲೂಲು, ಬಹರ್, ಖಲಾಸ್.” ಖಲಾಸ್ ಎಂದರೆ ಮುಗಿಯಿತು, ಅದು ಇಲ್ಲಿ ಬಂದಿಳಿದ ದಿನವೇ ಗೊತ್ತಾಗುವ ಮಾತು. “ನನಗೆ ಲಾ ಬಾಜ್ ಬೇಕು.”

ಲೂಲು ನನ್ನ ಅಕ್ಕನ ಹೆಸರು. ಲೂರ್ದ್ ಎಂದು ಚರ್ಚಿನಲ್ಲಿ ಇಟ್ಟದ್ದು, ಮನೆಯಲ್ಲಿ ಎಲ್ಲರಿಗೂ ಲೂಲು. ಅಮ್ಮ ಹೋದ ಮೇಲೆ ನನ್ನ ಜಡೆ ಹೆಣೆದು ಶಾಲೆಗೆ ಕಳಿಸಿದವಳು. ಹಾಗಾಗಿ ಆ ಹೆಸರು ಕಿವಿಗೆ ಬಿದ್ದದ್ದೇ ನನಗೆ ಒಂದು ಹುಡುಗಿ ಕಂಡಳು. ಈ ಅಜ್ಜನ ಮನೆಯ ಯಾವುದೋ ಲೂಲು, ಸಮುದ್ರಕ್ಕೆ ಬಿದ್ದು ಹೋದವಳು. ಅವರ ಕಣ್ಣೂ ಒದ್ದೆಯಾಗಿತ್ತು. ನಾನು “ಸಾರಿ ಬಾಬಾ, ಸಾರಿ” ಎಂದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಕಂಪ್ಯೂಟರಿನಲ್ಲಿ ಲಾ ಪಾಜ್ ಎರಡಿದ್ದವು. ಒಂದು ಮೆಕ್ಸಿಕೋದ ಕಡಲ ದಂಡೆಯದು, ಇನ್ನೊಂದು ಬೊಲಿವಿಯಾದ ಬೆಟ್ಟದ ಮೇಲಿನದು. ಸಮುದ್ರ ಖಲಾಸ್ ಎಂದವರನ್ನು ಸಮುದ್ರದ ಮುಂದೆ ಕೊಂಡುಹೋಗಿ ನಿಲ್ಲಿಸುವುದೇ? ಬೊಲಿವಿಯಾದ್ದು ಆಕಾಶಕ್ಕೆ ಹತ್ತಿರದ ಊರು ಎಂದು ನಮ್ಮ ಕರಪತ್ರದಲ್ಲಿ ಬರೆದಿತ್ತು. ದುಃಖ ಇರುವವರಿಗೆ ಅದೇ ಒಳ್ಳೆಯದೆಂದು ನನ್ನ ಮನಸ್ಸಿಗೆ ಬಂತು. ಕೇಳಲಿಲ್ಲ. ಬೆಟ್ಟದ್ದನ್ನೇ ಒತ್ತಿದೆ. ಟಿಕೆಟಿನಲ್ಲಿ ಲಾ ಪಾಜ್ ಎಂದು ಕಂಡದ್ದೇ ಸಾಲೆಮ್‌ಗೂ ಸಾಕಾಯಿತು. ಆ ಸಂಜೆ ಬಸ್ಸಿನಲ್ಲಿ ನನ್ನ ಒಳ್ಳೆಯತನವನ್ನು ನಾನೇ ಮೆಚ್ಚಿಕೊಂಡು ಕೂತಿದ್ದೆ.

ಅವರು ಹೊರಟ ಮೇಲೆ ಸಾಲೆಮ್ ನನ್ನ ಫೋನಿಗೆ ಫೋಟೋ ಕಳಿಸತೊಡಗಿದ. ನಯಾಗರದಲ್ಲಿ ಅಜ್ಜ ನೀಲಿ ಪ್ಲಾಸ್ಟಿಕ್ ಕೋಟು ಹಾಕಿಕೊಂಡು ನೀರಿಗೆ ಬೆನ್ನು ಹಾಕಿ ನಿಂತಿದ್ದಾರೆ. ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಕಾರಿನ ಬಾಗಿಲು ನೋಡುತ್ತಿದ್ದಾರೆ. ಮೆಕ್ಸಿಕೋ ಸಿಟಿಯ ಹಳೆಯ ಚೌಕದಲ್ಲಿ, ನಮ್ಮ ಇಗರ್ಜಿಗಳಿಗಿಂತ ಎಷ್ಟೋ ಪಾಲು ದೊಡ್ಡದಾದ ಇಗರ್ಜಿಯ ಮುಂದೆ, ಮೆಟ್ಟಿಲ ಮೇಲೆ ಕೂತು ಚಪ್ಪಲಿ ನೋಡುತ್ತಿದ್ದಾರೆ. ಪ್ರತಿ ಫೋಟೋದ ಹಿಂದೆಯೇ ಅವರ ದನಿ: “ಬಾಚರ್ ಲಾ ಬಾಜ್?” ನಾಳೆ ಲಾ ಬಾಜಾ ಎಂದು ಅದರ ಅರ್ಥ. ಕಚೇರಿಯಲ್ಲಿ ಎಲ್ಲರೂ ನಕ್ಕೆವು.

ಒಂದು ಶುಕ್ರವಾರ ಮಧ್ಯಾಹ್ನ ಊಟವಾಗಿ, ಲೂಲುವಿನ ವಿಡಿಯೋ ಕಾಲ್ ಬಂತು. ಅವಳು ಮಂಗಳೂರಿನಲ್ಲಿ ನರ್ಸ್, ಕಿನ್ನಿಗೋಳಿಯ ಮನೆಯಲ್ಲಿ ಈಗ ಇರುವುದು ಅವಳೊಬ್ಬಳೇ. ಮುಖ ಕೆಂಪಾಗಿತ್ತು. “ಪ್ರೆಸ್ಸಿ, ಐರ್ಲೆಂಡಿನ ಕೆಲಸದ ಕಾಗದ ಬಂತು. ಬರುವ ತಿಂಗಳು ಹೊರಡಬೇಕು. ಮನೆಯ ಬೀಗದ ಕೈ...” ಎನ್ನುವಷ್ಟರಲ್ಲಿ ಅನೀಶಾ ನಡುವೆ ತಲೆ ತೂರಿಸಿದಳು. ಕೊಂಕಣಿ, ಕನ್ನಡ ಎರಡೂ ಅವಳಿಗೆ ತಿಳಿಯುತ್ತದೆ, ಬಾಯಿಗೆ ಬರುವುದು ಇಂಗ್ಲಿಷೊಂದೇ. “ಲೂಲು ಆಂಟಿ, ಯು ನೋ ವಾಟ್? ಅರಬಿಕ್ ಟೀಚರ್ ಹೇಳಿದ್ರು, ಲೂಲು ಮೀನ್ಸ್ ಪರ್ಲ್! ಯು ಆರ್ ಆಂಟಿ ಪರ್ಲ್!”

ಲೂಲು ಅಂದರೆ ಮುತ್ತು.

ಅಜ್ಜನ ಅಜ್ಜ ಮುತ್ತಿಗಾಗಿ ಸಮುದ್ರದಲ್ಲಿ ಮುಳುಗುತ್ತಿದ್ದವರು. ಈ ಸಮುದ್ರದಲ್ಲಿ ಮುತ್ತಿನ ಕಾಲ ಖಲಾಸ್. ಅದಕ್ಕೇ ಅವರಿಗೆ ಲಾ ಪಾಜ್ ಬೇಕಾಗಿತ್ತು. ಲೂಲುವಿನ ಕಾಲ್ ಅರ್ಧಕ್ಕೆ ಕತ್ತರಿಸಿ, ಫೋನಿನಲ್ಲಿ ಹುಡುಕಿದೆ. ಮೆಕ್ಸಿಕೋದ ಲಾ ಪಾಜ್ ಒಂದು ಕಾಲದಲ್ಲಿ ಮುತ್ತಿಗೆ ಹೆಸರಾದ ಊರು. ಬೊಲಿವಿಯಾದ ಲಾ ಪಾಜ್‌ನಲ್ಲಿ ಗಟ್ಟಿಮುಟ್ಟಾದವರಿಗೇ ಉಸಿರು ಸಾಲದೆ ಹೋಟೆಲಿನವರು ಆಮ್ಲಜನಕ ಕೊಡುತ್ತಾರೆ. ನಮ್ಮ ಕಚೇರಿಯ ಮೆಟ್ಟಿಲಿಗೇ ಇನ್‌ಹೇಲರ್ ತೆಗೆದ ಅಜ್ಜ! ಬೊಲಿವಿಯಾಕ್ಕೆ ಅವರ ವಿಮಾನ ಮರುದಿನವಿತ್ತು. ನನ್ನ ಕನಿಕರಕ್ಕೆ ಒಬ್ಬರ ಜೀವ ಹೋಗುತ್ತದೆ ಎಂದು ಹೆದರಿದೆ.

ಮೊದಲು ರಝಾಕ್ ಭಾಯಿಗೆ ಫೋನ್ ಮಾಡಿದೆ. ಅವರು ನಮಾಜು ಮುಗಿಸಿ ಬಿರಿಯಾನಿಯ ಮುಂದೆ ಕೂತಿದ್ದರು. ಅಲ್ಲಿಂದಲೇ ಎಲ್ಲ ಕೇಳಿಸಿಕೊಂಡರು.

“ಅವರು ಕೇಳಿದ್ದು ಎಂಥದ್ದು? ಲಾ ಪಾಜ್. ನೀವು ಕೊಟ್ಟದ್ದು? ಲಾ ಪಾಜ್. ಖಲಾಸ್. ನಮ್ಮ ತಪ್ಪು ಎಂಥ ಉಂಟು?”

“ಭಾಯಿ, ಅಜ್ಜನಿಗೆ ಉಸಿರಿನ ತೊಂದರೆ ಉಂಟು.”

“ನೀವಾಗಿ ಹೇಳಿದ್ರೆ ಕಫೀಲ್ ನನ್ನನ್ನು ಕೇಳ್ತಾನೆ, ನಾನು ನಿಮ್ಮ ಹೆಸರು ಹೇಳ್ಬೇಕಾಗ್ತದೆ. ನಿಮ್ಮ ಇಕಾಮಾ ಇನ್ನೂ ಮುಂದುವರಿಸಿ ಆಗ್ಲಿಲ್ಲ, ನೆನಪುಂಟಲ್ಲ?” ಕಫೀಲ್ ಎಂದರೆ ನಮ್ಮ ಕಚೇರಿಯ ಒಡೆಯ, ನಮ್ಮೆಲ್ಲರ ಹೊಣೆ ಹೊತ್ತವನು.

ನೆನಪಿಲ್ಲದೆ ಏನು? ಹಗಲಿಡೀ ಅದೇ ನೆನಪು. ವಿನ್ಸೆಂಟ್ ಎದುರಿಗೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ಎದ್ದು ಹೋಗಿ ಚಾರ್ಜರ್ ತಂದು ನನ್ನ ಫೋನಿಗೆ ಸಿಕ್ಕಿಸಿ ಕೊಟ್ಟ. ನಾನು ಸಾಲೆಮ್‌ನ ನಂಬರ್ ಒತ್ತಿದೆ. ಮೆಕ್ಸಿಕೋ ಸಿಟಿಯಲ್ಲಿ ಆಗಷ್ಟೇ ಬೆಳಗಾಗುವ ಹೊತ್ತು. ಎರಡು ಸಲ ಯಾರೂ ಎತ್ತಲಿಲ್ಲ. ಮೂರನೇ ಸಲ ಎತ್ತಿದ್ದು ಮಗನಲ್ಲ, ಬೆಳಗಿನ ನಮಾಜಿಗೆ ಎದ್ದಿದ್ದ ಅಜ್ಜ.

“ಬಾಬಾ, ನಾನು ಬ್ರೆಸಿಲ್ಲಾ. ಹವಲ್ಲಿ, ಆಫೀಸ್.” ಮುಂದಕ್ಕೆ ನನ್ನ ಅರಬ್ಬಿ ಸಾಲಲಿಲ್ಲ. “ಲಾ ಬಾಜ್ ಟೂ. ಒನ್ ಜಬಲ್, ಒನ್ ಬಹರ್. ಟಿಕೆಟ್ ಜಬಲ್. ಗಲತ್, ಬಾಬಾ. ಗಲತ್.” ಜಬಲ್ ಎಂದರೆ ಬೆಟ್ಟ. ತಪ್ಪು ಎನ್ನುವ ಗಲತ್ ಮಾತ್ರ ಅರಬ್ಬಿಗೂ ಹಿಂದಿಗೂ ಒಂದೇ, ದೇವರು ದೊಡ್ಡವನು.

ಫೋನಿನಲ್ಲಿ ಅವರ ಉಸಿರು ಮಾತ್ರ ಕೇಳುತ್ತಿತ್ತು. ಆಮೇಲೆ, “ಲೇಶ್?” ಎಂದರು. ಏಕೆ?

“ಮೈ ಸಿಸ್ಟರ್ ನೇಮ್ ಲೂಲು. ಐ ಥಿಂಕ್... ಲೂಲು ಗರ್ಲ್. ಬಹರ್, ಖಲಾಸ್.”

ಅಜ್ಜ ನಗತೊಡಗಿದರು. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ನಾನು ಇತ್ತ ಶಿಲುಬೆಯ ಗುರುತು ಹಾಕಿಕೊಂಡೆ. ಅಷ್ಟರಲ್ಲಿ ಮಗ ಎದ್ದು ಫೋನ್ ತೆಗೆದುಕೊಂಡ. ಅವನು ನಗಲಿಲ್ಲ. ಅವನು ಹೇಳಿದ್ದನ್ನೆಲ್ಲ ಇಲ್ಲಿ ಬರೆಯುವುದು ಬೇಡ, ಕೊನೆಗೆ ಹೇಳಿದ್ದು ಇಷ್ಟು: “ಈಗಲೇ ಬದಲಿಸಿ.”

ರಝಾಕ್ ಭಾಯಿಗೆ ಮತ್ತೆ ಫೋನ್ ಮಾಡಿ ನಾನು ಹವಲ್ಲಿಗೆ ಓಡಿದೆ. ಬಿರಿಯಾನಿ ಬಿಟ್ಟು ಅವರೇ ಬಂದು ಕಚೇರಿಯ ಬಾಗಿಲು ತೆರೆದರು. ದಾರಿಯುದ್ದಕ್ಕೂ ಬೈದುಕೊಂಡೇ ಬಂದಿರಬೇಕು, ಮೆಟ್ಟಿಲು ಹತ್ತುವಾಗಲೂ ಬೈಗಳು ಮುಗಿದಿರಲಿಲ್ಲ. “ಲೂಲು ಅಂತೆ, ಹುಡುಗಿ ಅಂತೆ! ನಿಮಗೆ ಕನಿಕರ ಮಾಡ್ಲಿಕ್ಕೆ ಯಾರು ಹೇಳಿದ್ದು? ಟಿಕೆಟ್ ಮಾಡಿ, ಸಾಕು.” ಬೈಯುತ್ತಲೇ ಮೆಕ್ಸಿಕೋದ ಒಳಗಿನ ವಿಮಾನದಲ್ಲಿ ಎರಡು ಸೀಟು ಹಿಡಿದರು.

ಆಮೇಲಿನ ಎರಡು ದಿನ ಅಲ್ಲಿಂದ ಸುದ್ದಿಯಿಲ್ಲ. ಝುಬೈದಿ, ಅಂದರೆ ನಮ್ಮ ಮಾಂಜಿ ಮೀನು, ಬಾಣಲೆಯಲ್ಲಿ ಕರಿಯಾಯಿತು. ಅನ್ನ ತಳ ಹಿಡಿಯಿತು. ಮೂರನೇ ದಿನ ಫೋಟೋ ಬಂತು. ಅಜ್ಜ ಪ್ಯಾಂಟು ಮಡಚಿ ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದಾರೆ. ಈ ಸಲ ಬೆನ್ನು ನಮ್ಮ ಕಡೆಗೆ, ಮುಖ ನೀರಿನ ಕಡೆಗೆ. ಜೊತೆಗೆ ದನಿ: “ಬಹರ್ ಮೌಜೂದ್. ಲೂಲು ಖಲಾಸ್.” ಸಮುದ್ರ ಇದೆ, ಮುತ್ತು ಮುಗಿದಿದೆ. ಅಲ್ಲಿಯೂ ಮುತ್ತಿನ ಕಾಲ ಎಂದೋ ಮುಗಿದಿತ್ತು. ಅಷ್ಟು ದೂರ ಹೋಗಿ ಅಜ್ಜ ಕಂಡದ್ದು ತನ್ನ ಊರನ್ನೇ. ಆದರೂ ದನಿಯಲ್ಲಿ ಬೇಸರವಿರಲಿಲ್ಲ.

ಮರಳಿ ಬಂದ ಮೇಲೆ ಅವರು ಕಚೇರಿಗೆ ಬಂದರು. ಮೆಟ್ಟಿಲ ಮೇಲೆ ಏದುಸಿರು ಕೇಳಿದಾಗಲೇ ನಾನು ಎದ್ದು ನಿಂತಿದ್ದೆ. ಇಕಾಮಾದ ಮಾತು ಇನ್ನೂ ತೂಗುತ್ತಲೇ ಇತ್ತು. ಅಜ್ಜ ಕೂತು, ಇನ್‌ಹೇಲರ್ ಎಳೆದು, ಕೇಳಿದ್ದು ಒಂದೇ: “ನಿನ್ನ ಲೂಲು? ಮೌಜೂದ್?”

ನನಗೆ ಗೊತ್ತಿದ್ದದ್ದು ಎರಡೇ ಮಾತು, ಮೌಜೂದ್ ಮತ್ತು ಖಲಾಸ್. ಇನ್ನೂ ಇದ್ದಾಳೆ, ಆದರೆ ಹೊರಟಿದ್ದಾಳೆ ಎನ್ನಲು ನನ್ನ ಬಳಿ ಅರಬ್ಬಿ ಇರಲಿಲ್ಲ. ಆ ಶುಕ್ರವಾರ ನಾನು ಅರ್ಧಕ್ಕೆ ಕತ್ತರಿಸಿದ ಸುದ್ದಿಯನ್ನು ಅವಳು ಆಮೇಲೆ ಪೂರ್ತಿ ಹೇಳಿದ್ದಳು. ಮನೆಗೆ ಬೀಗ, ಬೀಗದ ಕೈ ಪಕ್ಕದ ಮನೆಗೆ. ನಾನು ಊರು ಎನ್ನುವಾಗ ನನ್ನ ಕಣ್ಣಿಗೆ ಕಟ್ಟುವುದು ಆ ಬಾಗಿಲಲ್ಲಿ ನಿಂತ ಲೂಲುವೇ ಹೊರತು ಬೇರೇನಲ್ಲ. “ಮೌಜೂದ್, ಬಾಬಾ” ಎಂದೆ. “ನೆಕ್ಸ್ಟ್ ಮಂತ್... ಖಲಾಸ್.”

ಅಜ್ಜ ನನ್ನನ್ನು ನೋಡಿದರು, ಆಮೇಲೆ ರಝಾಕ್ ಭಾಯಿಯನ್ನು ನೋಡಿದರು. “ಯಲ್ಲಾ, ರೂಹಿ” ಎಂದರು. ಹಾಗಾದರೆ ನಡಿ, ಹೋಗು.

ರಝಾಕ್ ಭಾಯಿ ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. “ಒಂದು ವಾರ ರಜೆ. ಆಮೇಲೆ ಒಂದು ದಿನ ಹೆಚ್ಚಾದ್ರೂ ನಾನು ಜವಾಬ್ದಾರಿ ಅಲ್ಲ. ಬಂದ ಮೇಲೆ ನಿಮ್ಮ ಇಕಾಮಾಕ್ಕೆ ಬೆರಳಚ್ಚು ಒತ್ಲಿಕ್ಕೆ ಹೋಗ್ಬೇಕು. ಮತ್ತೆ ನೋಡಿ, ಟಿಕೆಟ್ ಸರಿಯಾದ ಊರಿಗೆ ಮಾಡಿ ಮಾರಾಯ್ತಿ.”

ಲಾ ಪಾಜ್‌ನಂತೆ ಮಂಗಳೂರು ಎರಡಿಲ್ಲ ಎಂದು ಗೊತ್ತಿದ್ದೂ ಹೆಸರನ್ನು ಮತ್ತೆ ಮತ್ತೆ ನೋಡಿದೆ. ದಿನಾಂಕವನ್ನೂ ನೋಡಿದೆ. ನಾನು ಇಳಿದ ಮೂರನೇ ದಿನ ಲೂಲು ವಿಮಾನ ಹತ್ತುತ್ತಾಳೆ. ಆಗ ತಿಳಿಯಿತು, ಮಂಗಳೂರೂ ಎರಡು. ಲೂಲು ಇರುವುದು ಒಂದು, ಇಲ್ಲದ್ದು ಇನ್ನೊಂದು. ನಾನು ಹೋಗುವ ಟಿಕೆಟ್ ಮಾಡಿದ್ದು ಮೊದಲನೆಯದಕ್ಕೆ. ಮರಳುವ ಟಿಕೆಟ್ ಇರುವುದು ಎರಡನೆಯದರಿಂದ.