ಸುಮ್ಮನಿದ್ದರೆ ಸಾಕು ಅಂದರು

ಹೋದ ವರ್ಷ ನಮ್ಮ ಸ್ಟಾಫ್ ರೂಮಿಗೆ ದೆವ್ವ ಬಂದದ್ದು ಹಾಡಹಗಲು ಹನ್ನೊಂದು ಗಂಟೆಗೆ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಹಣೆಗೆ ಕುಂಕುಮ, ಕೈಯಲ್ಲಿ ಕಬ್ಬಾಳಮ್ಮನ ಪ್ರಸಾದ. (ನಾನು ಕಣ್ಣಿಗೊತ್ತಿಕೊಂಡು ತಿಂದೆ ಕೂಡ.)

ಬಂದವರು ನನ್ನ ವಿದ್ಯಾರ್ಥಿನಿ ರಕ್ಷಿತಾಳ ಸೋದರಮಾವ.

ನಾನು ಸಾತನೂರಿನಿಂದಾಚೆ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್. ಮನೆ ಚನ್ನಪಟ್ಟಣದಲ್ಲಿ. ಹೋಗುತ್ತಾ ಎರಡು ಬಸ್ಸು, ಬರುತ್ತಾ ಎರಡು ಬಸ್ಸು. ಒಂದನೇ ಕ್ಲಾಸಿನ ಮಗಳು ಯೂನಿಫಾರಂ ತೊಟ್ಟು ಹೊರಡುವುದನ್ನು ನಾನು ನೋಡುವುದು ಅವಳಪ್ಪ ಕಳಿಸುವ ಫೋಟೋದಲ್ಲಿ. ವರ್ಗಾವಣೆ ಕೇಳಿ ಬರೆದ ಅರ್ಜಿಗಳು ಎಲ್ಲಿ ಮಲಗಿವೆಯೋ!

ಆ ಮಾವನಿಗೆ ಇದೆಲ್ಲ ಗೊತ್ತಿತ್ತು. ನಾಲ್ಕು ಕಡೆ ಓಡಾಡುವ ಮನುಷ್ಯ. ರಕ್ಷಿತಾಳನ್ನು ತಮ್ಮ ಮಗನಿಗೆ ತಂದುಕೊಳ್ಳಬೇಕೆಂಬ ಆಸೆ ಅವರದು. ಹುಡುಗಿ ಓದುತ್ತೇನೆ ಎನ್ನುತ್ತಿದ್ದಳು. ಮನೆಯಲ್ಲಿ ರೇಷ್ಮೆಹುಳ ಹಣ್ಣಾಗಿ ಗೂಡು ಕಟ್ಟುವ, ಕೈತುಂಬ ಕೆಲಸದ ವಾರಗಳಲ್ಲೆಲ್ಲ ಅವಳು ಕಾಲೇಜಿಗೆ ಬಂದಿರಲಿಲ್ಲ. ಹಾಜರಿ ಕಡಿಮೆಯಿತ್ತು. ಅದನ್ನು ತುಂಬಿಸಲೆಂದೇ ಶನಿವಾರ ಮಧ್ಯಾಹ್ನದ ಸ್ಪೆಷಲ್ ಕ್ಲಾಸಿಗೆ ಒಂದೂ ಬಿಡದೆ ಕೂತಿದ್ದಳು. ಆ ದಿನಗಳನ್ನು ನಾನು ಸೇರಿಸಿ ಕಳಿಸಿದರೆ ಹಾಲ್‌ಟಿಕೆಟ್. ಬಿಟ್ಟರೆ ಇಲ್ಲ.

"ನೀವೇನೂ ಸುಳ್ಳು ಬರೀಬ್ಯಾಡಿ ಮೇಡಂ. ಆ ಶನಿವಾರಗಳ್ನ ಸೇರಿಸ್ದೆ ಸುಮ್ಕಿದ್ಬುಡಿ, ಅಷ್ಟೇಯ. ಎಕ್ಸಾಮ್ ತಪ್ಪುದ್ರೆ ಮದ್ವೆಗೆ ಒಪ್ಕತಾಳೆ. ನಿಮ್ ಟ್ರಾನ್ಸ್‌ಫರ್ ನನ್ ಜವಾಬ್ದಾರಿ" ಎಂದರು.

ಛೀ ಎಂದೆನಾ? ಇಲ್ಲ. "ನೋಡೋಣ" ಎಂದೆ. (ನಮ್ಮಲ್ಲಿ ನೋಡೋಣ ಎಂದರೆ ಮುಕ್ಕಾಲು ಪಾಲು ಹೂಂ ಎಂದೇ ಅರ್ಥ, ನಿಮಗೂ ಗೊತ್ತು.) ಸಂಜೆ ಬಸ್ಸಿನಲ್ಲಿ ಮಗಳಿಗೆ ಜಡೆ ಹಾಕಿ ಸ್ಕೂಲಿಗೆ ಕಳಿಸುವುದನ್ನೇ ಊಹಿಸಿಕೊಂಡು ಬಂದೆ. ಸುಮ್ಮನಿರುವುದೂ ಒಂದು ತಪ್ಪಾ?

ಮಾರನೇ ದಿನದ ಪಾಠ ಯಾವುದಿತ್ತು ಗೊತ್ತಾ? ದೆವ್ವದ ಜೊತೆ ಚೌಕಾಸಿ ಮಾಡಿ ಆತ್ಮವನ್ನೇ ಕೊಟ್ಟುಬಿಡುವವನ ಹಳೆಯ ಕಥೆ. ಬೋರ್ಡಿನ ಮೇಲೆ ಸಿಂಬಲ್‌ಗಳ ಪಟ್ಟಿ ಬರೆದೆ. ಕಾಡು ಅಂದರೆ ಮನಸ್ಸು. ಮಸಿ ಮೆತ್ತಿದ ಕೈ ಅಂದರೆ ಪಾಪ. ದೆವ್ವ ಅಂದರೆ ದುರಾಸೆ. ಎಲ್ಲರೂ ಬರೆದುಕೊಂಡರು. ರಕ್ಷಿತಾ ಮಾತ್ರ ಪೆನ್ನು ಕೆಳಗಿಟ್ಟು ಎದ್ದು ನಿಂತಳು.

"ದೆವ್ವದ್ದೇನ್ ತಪ್ಪೈತೆ ಮೇಡಂ? ಅದು ಕೇಳ್ತು. ಹೂಂ ಅಂದೋನು ಇವ್ನೇ ಅಲ್ವಾ?"

ಮಾವ ಬಂದುಹೋದ ವಿಷಯ ಅವಳಿಗೆ ಗೊತ್ತೇ ಇರಲಿಲ್ಲ. ಗುಡ್ ಪಾಯಿಂಟ್ ಎಂದು ಕೂರಿಸಿದೆ. ಮುಂದೆ ಏನು ಪಾಠ ಮಾಡಿದೆನೋ ನೆನಪಿಲ್ಲ.

ಸ್ಟಾಫ್ ರೂಮಿಗೆ ಬಂದವಳೇ ಶನಿವಾರಗಳನ್ನೆಲ್ಲ ಸೇರಿಸಿ, ಸಹಿ ಹಾಕಿ, ಪ್ರಿನ್ಸಿಪಾಲರ ಟೇಬಲ್ಲಿಗೆ ಮುಟ್ಟಿಸಿದೆ. ಆಮೇಲೆ ಆ ಮಾವನಿಗೆ ಫೋನ್ ಮಾಡಿದೆ. ಸಿಟ್ಟಿನಲ್ಲಿ ನನ್ನನ್ನು ಕಾಡಂಚಿನ ಉಯ್ಯಂಬಳ್ಳಿಯಿಂದಲೂ ಆಚೆ ಎತ್ತಿಹಾಕಿಸಿದರೆ? ಆಗಲ್ಲ, ಸೇರಿಸಿ ಕಳಿಸಿಬಿಟ್ಟಿದ್ದೇನೆ ಎಂದು ಒಂದೇ ಉಸಿರಿಗೆ ಹೇಳಿದೆ.

"ಹೋಗ್ಲಿ ಬುಡಿ ಮೇಡಂ. ಕೇಳ್ನೋಡ್ದೆ, ಅಷ್ಟೇಯ."

ಅಷ್ಟೇನಾ? ಅಷ್ಟೇ! ಅವತ್ತು ಬಸ್ಸಿನಲ್ಲಿ ಎಂಥ ನಿದ್ದೆ ಬಂತೆಂದರೆ, ಚನ್ನಪಟ್ಟಣದಲ್ಲಿ ಕಂಡಕ್ಟರ್ ಬಂದು ಎಬ್ಬಿಸಬೇಕಾಯಿತು.

ರಕ್ಷಿತಾ ಪರೀಕ್ಷೆ ಬರೆದಳು, ಪಾಸಾದಳು, ಈಗ ರಾಮನಗರದಲ್ಲಿ ಡಿಗ್ರಿ ಓದುತ್ತಿದ್ದಾಳೆ. ಮೊನ್ನೆ ಸಾತನೂರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ರಜೆಗೆ ಬಂದ ಅವಳನ್ನು ಊರಿಗೆ ಕರೆದೊಯ್ಯಲು ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದವರು ಅದೇ ಮಾವ. ಅವಳ ಬ್ಯಾಗನ್ನು ಟ್ಯಾಂಕಿನ ಮೇಲಿಟ್ಟುಕೊಂಡು ನನಗೂ ನಗುತ್ತಲೇ ನಮಸ್ಕಾರ ಮಾಡಿದರು.

ನನಗೆ ವರ್ಗ ಆಗಿಲ್ಲ. ಆದರೂ ಮನಸ್ಸು ಹಗುರ. ಒಂದೇ ಅನುಮಾನ ಉಳಿದಿದೆ. ಅವತ್ತು ನನ್ನ ಬಾಯಿ ಕಟ್ಟಿದ್ದು ಬರೀ ವರ್ಗದ ಆಸೆಯಾ? ಇಷ್ಟು ಮರ್ಯಾದೆಯಿಂದ ಕೇಳುವವರಿಗೆ ಮುಖ ಮುರಿದಂತೆ ಇಲ್ಲ ಅನ್ನುವುದು ಹೇಗೆ ಎಂಬ ಸಂಕೋಚವೂ ಅಷ್ಟೇ ಇತ್ತು.

ನಮ್ಮಲ್ಲಿ ಆಸೆಗೆ ಆತ್ಮ ಮಾರಿಕೊಂಡವರು ಹೆಚ್ಚೋ, ದಾಕ್ಷಿಣ್ಯಕ್ಕೆ ಕೊಟ್ಟು ಕಳಿಸಿದವರು ಹೆಚ್ಚೋ?